ಬೇಲಿಯಾಚೆಯವರಿಗೂ ಅನ್ವಯಿಸುವ ಕಾನೂನು

ಕೆಲಸದ ಸ್ಥಳದಲ್ಲಿ ಅಪಘಾತ ಸಂಭವಿಸಿದ ಮೇಲೆ ಪರಿಹಾರಧನ ಕೊಡಿಸುವುದು ಒಂದು ಕೆಲಸ. ಅಪಘಾತವೇ ಆಗದಂತೆ ಮೊದಲೇ ಯಂತ್ರ ನಿಲ್ಲಿಸುವುದು ಬೇರೆಯೇ ಕೆಲಸ. ಈ ಎರಡನೆಯದರ ಹೊಣೆ ಹೊತ್ತು ಬ್ರಿಟನ್ನಿನಲ್ಲಿ 1975ರ ಜನವರಿ 1ರಂದು ಹೆಲ್ತ್ ಆಂಡ್ ಸೇಫ್ಟಿ ಎಕ್ಸಿಕ್ಯುಟಿವ್ ಎಂಬ ರಾಷ್ಟ್ರೀಯ ಸಂಸ್ಥೆ ಆರಂಭವಾಯಿತು.

ಅದಕ್ಕೆ ಮುನ್ನ ಕಾನೂನು ಇರಲಿಲ್ಲವೆಂದಲ್ಲ. ಕಾರ್ಖಾನೆ ಇನ್ಸ್‌ಪೆಕ್ಟರರು ಅಲ್ಲಿ 1833ರಿಂದಲೇ ಇದ್ದರು. ಆದರೆ ಗಣಿಗೊಂದು, ಕಾರ್ಖಾನೆಗೊಂದು, ಅಂಗಡಿಗೊಂದು ಎಂಬಂತೆ ಕಾಯಿದೆಗಳು ಹರಿದು ಹಂಚಿಹೋಗಿದ್ದವು; ಲಕ್ಷಾಂತರ ನೌಕರರು ಯಾವುದರ ರಕ್ಷಣೆಗೂ ಒಳಪಟ್ಟಿರಲಿಲ್ಲ. ಇದನ್ನು ಸರಿಪಡಿಸಲು 1970ರಲ್ಲಿ ನೇಮಕವಾದ ಸಮಿತಿಗೆ ಲಾರ್ಡ್ ರೋಬೆನ್ಸ್ ಅಧ್ಯಕ್ಷರು. 1966ರಲ್ಲಿ ವೇಲ್ಸ್‌ನ ಅಬರ್‌ವಾನ್ ಎಂಬ ಊರಿನಲ್ಲಿ ಕಲ್ಲಿದ್ದಲ ಗಣಿಯ ಕಸದ ಗುಡ್ಡ ಜಾರಿ, ಶಾಲೆಯನ್ನೂ ಮನೆಗಳನ್ನೂ ಮುಚ್ಚಿ, 116 ಮಕ್ಕಳೂ 28 ದೊಡ್ಡವರೂ ಮಡಿದಾಗ ಕಲ್ಲಿದ್ದಲು ಮಂಡಳಿಯ ಅಧ್ಯಕ್ಷರಾಗಿದ್ದವರೂ ಇವರೇ! ವಿಚಾರಣೆಯಲ್ಲಿ ತಪ್ಪು ಹೊರಿಸಲ್ಪಟ್ಟದ್ದು ಆ ಮಂಡಳಿಯ ಮೇಲೆಯೇ. ಏನೇ ಇರಲಿ, ಇವರ 1972ರ ವರದಿಯೇ 1974ರ ಕಾಯಿದೆಗೆ ಬುನಾದಿಯಾಯಿತು.

ಮಸೂದೆ ಪಾರ್ಲಿಮೆಂಟಿನಲ್ಲಿದ್ದಾಗಲೇ, 1974ರ ಜೂನ್ 1ರಂದು, ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ರಾಸಾಯನಿಕ ಕಾರ್ಖಾನೆಯೊಂದು ಸ್ಫೋಟಿಸಿ 28 ಮಂದಿ ಸತ್ತರು. ಬಿರುಕುಬಿಟ್ಟ ಪಾತ್ರೆಯೊಂದನ್ನು ತೆಗೆದು ಆ ಜಾಗಕ್ಕೆ ತಾತ್ಕಾಲಿಕ ಕೊಳವೆ ಜೋಡಿಸಿದ್ದರು. ಅದಕ್ಕೆ ಸರಿಯಾದ ನಕ್ಷೆಯೇ ಇರಲಿಲ್ಲ. ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ್ದಷ್ಟೆ. ಶನಿವಾರವಾದುದರಿಂದ ಕಚೇರಿ ಖಾಲಿಯಿತ್ತು.

ಹೊಸ ಕಾಯಿದೆ ಇನ್ಸ್‌ಪೆಕ್ಟರರ ಕೈಗೆ ಎರಡು ನೋಟೀಸುಗಳನ್ನು ಕೊಟ್ಟಿತು. ಇಂತಿಷ್ಟು ದಿನದೊಳಗೆ ಲೋಪವನ್ನು ಸರಿಪಡಿಸು ಎಂಬುದು ಒಂದು. ಕೆಲಸವನ್ನು ಈಗಲೇ ನಿಲ್ಲಿಸು ಎಂಬುದು ಇನ್ನೊಂದು. ಮಾಲಿಕನು ಮೇಲ್ಮನವಿ ಸಲ್ಲಿಸಿದರೆ ಮೊದಲನೆಯದು ಇತ್ಯರ್ಥದವರೆಗೆ ತಡೆಹಿಡಿಯಲ್ಪಡುತ್ತದೆ; ಎರಡನೆಯದು, ನ್ಯಾಯಮಂಡಳಿ ಬೇರೆ ಹೇಳದ ಹೊರತು, ಜಾರಿಯಲ್ಲೇ ಇರುತ್ತದೆ. ಇದಕ್ಕಿಂತ ಹೆಚ್ಚು ಎಚ್ಚರ ವಹಿಸುವುದು ಸಾಧ್ಯವಿರಲಿಲ್ಲ ಎಂದು ಮೊಕದ್ದಮೆಯಲ್ಲಿ ರುಜುವಾತುಪಡಿಸಬೇಕಾದವನೂ ಮಾಲಿಕನೇ. ಬಡ ಕೂಲಿಯವನು ಸಾಕ್ಷಿಗಾಗಿ ಅಲೆಯಬೇಕಿಲ್ಲ.

1974ರಲ್ಲಿ ಅಲ್ಲಿ ಕೆಲಸದ ಅಪಘಾತಗಳಲ್ಲಿ 651 ನೌಕರರು ಸತ್ತಿದ್ದರು. 2024-25ರಲ್ಲಿ ಸತ್ತ ಕೆಲಸಗಾರರು 124. ಈ ಇಳಿತದ ಕೀರ್ತಿಯೆಲ್ಲ ಸಂಸ್ಥೆಯದಲ್ಲ, ಗಣಿಗಳೂ ದೊಡ್ಡ ಕಾರ್ಖಾನೆಗಳೂ ಮುಚ್ಚಿದ್ದರ ಪಾಲೂ ಇದೆ. ಕಲ್ನಾರಿನ ವಿಷಯದಲ್ಲಂತೂ ಬ್ರಿಟನ್ ಬಹಳ ತಡಮಾಡಿತು. ಬಿಳಿ ಕಲ್ನಾರು ನಿಷೇಧವಾದದ್ದು 1999ರಲ್ಲಿ.

ನಮ್ಮ ಜಿಲ್ಲೆಯವರು ಗಮನಿಸಬೇಕಾದದ್ದು ಆ ಕಾಯಿದೆಯ ಮೂರನೆಯ ಕಲಮು. ತನ್ನ ಉದ್ಯಮದಿಂದ ಕೆಲಸಗಾರರಿಗಷ್ಟೇ ಅಲ್ಲ, ಹೊರಗಿನ ಜನರಿಗೂ ಅಪಾಯವಾಗದಂತೆ ನೋಡಿಕೊಳ್ಳುವುದು ಮಾಲಿಕನ ಕರ್ತವ್ಯವೆಂದು ಅದು ವಿಧಿಸುತ್ತದೆ. ಕಾಸರಗೋಡಿನ ಗೇರು ತೋಟಗಳಿಗೆ 2000ದವರೆಗೆ ಎರಡು ದಶಕ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ, ಎಣ್ಮಕಜೆಯ ಪಡ್ರೆಯಂತಹ ಊರುಗಳಲ್ಲಿ ತೋಡಿನ ನೀರು ಕುಡಿಯುತ್ತಿದ್ದವರು ತೋಟದ ಕೂಲಿಯವರೇ ಆಗಿರಬೇಕೆಂದಿರಲಿಲ್ಲ. ‘ಈಗಲೇ ನಿಲ್ಲಿಸು’ ಎಂಬ ನೋಟೀಸು ಅಂದು ಸಕಾಲಕ್ಕೆ ಬರಲಿಲ್ಲ. ಸುಪ್ರೀಂ ಕೋರ್ಟು ಆ ವಿಷಕ್ಕೆ ದೇಶವ್ಯಾಪಿ ತಡೆ ವಿಧಿಸಿದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿದ್ದು 2017ರಲ್ಲಿ.