ಎಲೆಯಾಗಿ ಬೀಜ ಸಾಕುವ ಹೂವು: ಹೆಲೆಬೋರ್

ಇಂಗ್ಲೆಂಡಿನ ಜನವರಿಯಲ್ಲಿ ಮರಗಳೆಲ್ಲ ಬೋಳು, ನೆಲವೆಲ್ಲ ಮಂಜು. ಆ ಕೊರೆಯುವ ಚಳಿಯಲ್ಲೇ ಹೆಲೆಬೋರ್ ಅರಳುತ್ತದೆ! ಬಿಳಿ, ತಿಳಿಗುಲಾಬಿ, ಕಪ್ಪೇ ಇರಬೇಕು ಅನ್ನಿಸುವಷ್ಟು ಗಾಢವಾದ ನೇರಳೆ. ಹೂಗಳು ಹೆಚ್ಚಾಗಿ ತಲೆ ತಗ್ಗಿಸಿಕೊಂಡೇ ಇರುತ್ತವೆ. ಒಂದನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ನೋಡಿ: ಐದು ಅಗಲವಾದ ಎಸಳು, ನಡುವೆ ಕೇಸರಗಳ ಗೊಂಚಲು, ಅದರ ಸುತ್ತ ಪುಟಾಣಿ ಹಸಿರು ಕೊಳವೆಗಳ ಉಂಗುರ.

ನಿಜವಾದ ದಳಗಳು ಆ ಕೊಳವೆಗಳೇ! ಅವು ಮಕರಂದದ ಬಟ್ಟಲುಗಳಾಗಿ ಮಾರ್ಪಟ್ಟಿವೆ. ನಮ್ಮ ಕಣ್ಣಿಗೆ ದಳಗಳಂತೆ ಕಾಣುವವು ಪುಷ್ಪಪತ್ರಗಳು. ದುಂಬಿ ಬಂದುಹೋದ ಮೇಲೆ ಕೊಳವೆ, ಕೇಸರ ಉದುರುತ್ತವೆ. ಪುಷ್ಪಪತ್ರಗಳು ಮಾತ್ರ ವಾರಗಟ್ಟಲೆ ಗಟ್ಟಿಯಾಗಿ ನಿಲ್ಲುತ್ತವೆ. ಕ್ರಿಸ್ಮಸ್ ರೋಸ್ ಎಂದು ಹೆಸರಾದ ಹೆಲೆಬೋರಸ್ ನೈಗರ್‌ನಲ್ಲಂತೂ ಕಾಯಿ ಕಚ್ಚುತ್ತಲೇ ಬಿಳಿ ಎಸಳು ಹಸಿರಿಗೆ ತಿರುಗಿ, ಬಿಸಿಲಲ್ಲಿ ಆಹಾರ ತಯಾರಿಸಿ ಬೀಜಗಳಿಗೆ ಉಣಿಸುತ್ತದೆ. ದುಂಬಿಯನ್ನು ಕರೆದ ಹೂವೇ ಎಲೆಯಾಗಿ ಮಕ್ಕಳನ್ನು ಸಾಕುತ್ತದೆ!

ಇನ್ನೂ ಇದೆ. ಸ್ಪೇನಿನ ಬೆಟ್ಟಗಳಲ್ಲಿ ಬೆಳೆಯುವ ಹೆಲೆಬೋರಸ್ ಫೀಟಿಡಸ್‌ನ ಮಕರಂದದಲ್ಲಿ ಯೀಸ್ಟ್ ಮನೆಮಾಡಿರುತ್ತದೆ. ಅದು ಸಕ್ಕರೆ ತಿಂದು ಹೂವಿನ ಒಳಗನ್ನು ಬೆಚ್ಚಗಾಗಿಸುತ್ತದೆ ಎಂದು ವಿಜ್ಞಾನಿಗಳಾದ ಕಾರ್ಲೋಸ್ ಹೆರೆರಾ ಮತ್ತು ಮರಿಯಾ ಪೋಜೊ 2010ರಲ್ಲಿ ತೋರಿಸಿಕೊಟ್ಟರು. ಹಿಮಗಾಲದ ಹೂವಿಗೆ ಸ್ವಂತದ ಒಲೆ!

ಹೆಲೆಬೋರ್ ಗಿಡವನ್ನು ಸಾಕುವುದೂ ಕಷ್ಟವಲ್ಲ. ಎಲೆ ಉದುರಿಸುವ ಮರದ ಬುಡ ಇದಕ್ಕೆ ಹೇಳಿಮಾಡಿಸಿದ ಜಾಗ: ಚಳಿಗಾಲದಲ್ಲಿ ಬಿಸಿಲು, ಬೇಸಿಗೆಯಲ್ಲಿ ನೆರಳು. ಎಲೆಗೊಬ್ಬರ ಧಾರಾಳವಾಗಿ ಹಾಕಿ. ನೀರು ಮಾತ್ರ ನಿಲ್ಲಬಾರದು, ನಿಂತರೆ ಬೇರು ಕೊಳೆಯುತ್ತದೆ. ನೆಡುವಾಗ ಗಿಡದ ಬುಡವನ್ನು ಆಳಕ್ಕೆ ಹೂಳಬೇಡಿ. ತೋಟಗಳಲ್ಲಿ ಹೆಚ್ಚಾಗಿ ಕಾಣುವ ಮಿಶ್ರತಳಿಗಳ ಹಳೆಯ ಎಲೆಗಳನ್ನು ಮೊಗ್ಗು ಮೇಲೇಳುವ ಮೊದಲೇ ಕತ್ತರಿಸಿಬಿಡಿ. ಕಪ್ಪು ಚುಕ್ಕೆ ರೋಗ ಹೊಸ ಎಲೆಗೆ ದಾಟುವುದು ಕಡಿಮೆಯಾಗುತ್ತದೆ, ಹೂವೂ ಚೆನ್ನಾಗಿ ಕಾಣುತ್ತದೆ. ಕೈಗವಸು ಮರೆಯಬೇಡಿ, ಗಿಡವಿಡೀ ವಿಷ. ಹಿಮ ಬಿದ್ದ ಬೆಳಿಗ್ಗೆ ಗಿಡ ನೆಲಕ್ಕೊರಗಿದ್ದರೆ ಗಾಬರಿ ಬೇಡ, ಬಿಸಿಲೇರಿದಂತೆ ತಾನೇ ಎದ್ದು ನಿಲ್ಲುತ್ತದೆ!

ಬಣ್ಣ ಮಾಸಿತೆಂದು ಹೂವನ್ನು ಚಿವುಟಬೇಡಿ. ಬೇಸಿಗೆಯ ಹೊತ್ತಿಗೆ ಕಾಯಿ ಬಿರಿದು ಕರಿಬೀಜ ಉದುರುತ್ತದೆ. ಅದಕ್ಕಂಟಿದ ಜಿಡ್ಡಿನಂಶದ ಆಸೆಗೆ ಇರುವೆಗಳು ಹೊತ್ತೊಯ್ಯುತ್ತವೆ. ಅವುಗಳಿಗಿಂತ ಮೊದಲು ಒಂದಿಷ್ಟು ಆರಿಸಿ, ತಾಜಾ ಇರುವಾಗಲೇ ಬಿತ್ತಿ. ಚಳಿಗಾಲಕ್ಕೆ ಮೊಳಕೆ, ಎರಡು ಮೂರು ವರ್ಷಕ್ಕೆ ಹೂವು. ಮಿಶ್ರತಳಿಯ ಬೀಜವಾದರೆ ಹೂವಿನ ಬಣ್ಣ ಯಾವುದೆಂದು ಅರಳುವವರೆಗೂ ಯಾರೂ ಹೇಳಲಾರರು!