ಮಾತು ತಡವಾದ ಮಗು: ಪೋಷಕರ ಗಮನಕ್ಕೆ

"ಅವರಪ್ಪನೂ ತಡವಾಗಿಯೇ ಮಾತು ಕಲಿತದ್ದು" ಎಂದು ಮನೆಯ ಹಿರಿಯರು ಸಮಾಧಾನ ಹೇಳುವುದುಂಟು. ಆದರೆ ಮಗು ಹೆಸರು ಕರೆದರೂ ತಿರುಗದಿದ್ದರೆ, ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಕಲಿತ ಮಾತನ್ನು ಬಿಟ್ಟರೆ ಕಾಯಬೇಡಿ. ಆಟಿಸಂ ಪತ್ತೆಗೆ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಇಲ್ಲ. ಮೊದಲು ಕಿವಿ ಪರೀಕ್ಷೆ. ನಂತರ ತಜ್ಞರು ಮಗುವಿನ ಆಟ, ನೋಟ, ಮಾತು ಗಮನಿಸಿ, ತಂದೆತಾಯಿಯನ್ನು ವಿಚಾರಿಸಿ ನಿರ್ಧರಿಸುತ್ತಾರೆ.

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದವರು ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಂದ ಆರಂಭಿಸಬಹುದು. ಹೆಚ್ಚಿನ ಪರೀಕ್ಷೆಗೆ ಹಾಸನದ ಜಿಲ್ಲಾ ಆಸ್ಪತ್ರೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಪ್ರಮಾಣಪತ್ರವಿದ್ದರೆ ಸರ್ಕಾರಿ ಸೌಲಭ್ಯಕ್ಕೆ ಅರ್ಜಿ ಹಾಕಬಹುದು. ತರಬೇತಿಗೆ ಮಾತ್ರ ಪ್ರಮಾಣಪತ್ರ ಬರುವವರೆಗೆ ಕಾಯಬೇಕಿಲ್ಲ.

ದಾನಿಗಳೇ, ಪರೀಕ್ಷೆಗೆ ಹಲವು ಬಾರಿ ಓಡಾಡಬೇಕು. ಬಸ್ ಚಾರ್ಜು, ತಪ್ಪಿದ ದಿನಗೂಲಿಯಿಂದಾಗಿ ಅದು ಅರ್ಧಕ್ಕೆ ನಿಲ್ಲದಂತೆ ನೆರವಾಗಿ.