ಜರ್ಮನಿಯ ಹಳ್ಳಿಗೆ ನೆಂಟರ ಮನೆಗೆ ಹೊರಟ ರೈತರಿಗೆ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬುದು ಹಿರಿಯರ ಮಾತು. ಹಿಂದೆ ನೆಂಟರ ಮನೆಯೆಂದರೆ ಪಕ್ಕದ ಹೋಬಳಿಯೋ ತಾಲ್ಲೂಕೋ ಆಗಿರುತ್ತಿತ್ತು. ಈಗ ರೈತ ಮನೆತನದ ಮಕ್ಕಳೂ ಎಂಜಿನಿಯರುಗಳಾಗಿ, ದಾದಿಯರಾಗಿ, ಸಂಶೋಧಕರಾಗಿ ಜರ್ಮನಿಯಲ್ಲಿ ನೆಲೆಸುತ್ತಿದ್ದಾರೆ. ಪಟ್ಟಣದ ಬಾಡಿಗೆ ದುಬಾರಿಯಾದ್ದರಿಂದ ಕೆಲವರು ರೈಲು ಸೌಕರ್ಯವಿರುವ ಹಳ್ಳಿಗಳಲ್ಲಿ ಮನೆ ಮಾಡಿರುತ್ತಾರೆ. ಅವರನ್ನು ನೋಡಲು ಹೋದ ತಂದೆತಾಯಿಗಳು, ಮಕ್ಕಳು ಕೆಲಸಕ್ಕೆ ಹೊರಟ ಮೇಲೆ ಭಾಷೆ ತಿಳಿಯದೆ ಕಿಟಕಿಯ ಬಳಿ ಕುಳಿತು ದಿನ ಕಳೆಯುವುದುಂಟು. ಆದರೆ ಆ ಕಿಟಕಿಯಾಚೆ ಹೊಲವಿರುತ್ತದೆ. ಬೇಸಾಯ ಬಲ್ಲವರಿಗೆ ಅಲ್ಲಿ ಕಲಿಯಲು ಸಾಕಷ್ಟಿದೆ. ಕಲಿತದ್ದನ್ನು ಮಾತ್ರ ತಲೆಯಲ್ಲಿ ತರಬೇಕೇ ಹೊರತು ಚೀಲದಲ್ಲಿ ಅಲ್ಲ. ಇದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹೊರಡುವ ಮುನ್ನ

ನೆಂಟರ ಭೇಟಿಯ ವೀಸಾದಲ್ಲಿ 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬೆಳೆ ನೋಡಲು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಕಾಲ ಸೂಕ್ತ. ಮೇ ತಿಂಗಳಲ್ಲಿ ಮುಸುಕಿನ ಜೋಳದ ಬಿತ್ತನೆ ಮತ್ತು ಹುಲ್ಲಿನ ಕೊಯ್ಲು, ಜುಲೈ-ಆಗಸ್ಟ್‌ನಲ್ಲಿ ಗೋಧಿಯ ಕಟಾವು, ಸೆಪ್ಟೆಂಬರ್‌ನಲ್ಲಿ ಜೋಳವನ್ನು ಕತ್ತರಿಸಿ ರಸಮೇವು ತುಂಬುವ ಕೆಲಸ ನಡೆಯುತ್ತದೆ.

ಮಗಳಿಗೆಂದು ಮನೆಯ ತುಪ್ಪ ಕಟ್ಟಿಕೊಳ್ಳುವ ತಾಯಂದಿರು ಗಮನಿಸಬೇಕು: ಹಾಲು, ಮಾಂಸ ಮತ್ತು ಅವುಗಳಿಂದಾದ ತುಪ್ಪ, ಪೇಡ ಮುಂತಾದ ಪದಾರ್ಥಗಳನ್ನು ಪ್ರಯಾಣಿಕರು ಭಾರತದಿಂದ ಯುರೋಪ್ ಒಕ್ಕೂಟದ ದೇಶಗಳಿಗೆ ಒಯ್ಯುವಂತಿಲ್ಲ. ಇದು ಸುಮ್ಮನೆ ಮಾಡಿದ ಕಟ್ಟುಪಾಡಲ್ಲ. ನಮ್ಮಲ್ಲಿ ಕಾಲುಬಾಯಿ ರೋಗ ಇನ್ನೂ ಇದೆ. ಜರ್ಮನಿಯಲ್ಲಿ 1988ರ ನಂತರ ಇಲ್ಲವಾಗಿದ್ದ ಈ ರೋಗ 2025ರ ಜನವರಿಯಲ್ಲಿ ಬರ್ಲಿನ್ ನಗರದ ಹೊರವಲಯದ ಒಂದು ಎಮ್ಮೆ ಹಿಂಡಿನಲ್ಲಿ ಕಾಣಿಸಿತು. ಆ ಹಿಂಡನ್ನೇ ಕೊಲ್ಲಬೇಕಾಯಿತು. ಹಲವು ದೇಶಗಳು ಜರ್ಮನಿಯ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಕೊಳ್ಳುವುದನ್ನು ನಿಲ್ಲಿಸಿದವು. ಒಂದೇ ಹಿಂಡಿನ ರೋಗದಿಂದ ಇಡೀ ದೇಶದ ಹೈನುಗಾರರು ನಷ್ಟದ ಭಯದಲ್ಲಿ ದಿನ ಕಳೆಯಬೇಕಾಯಿತು. ಆದ್ದರಿಂದ ಕೊಟ್ಟಿಗೆಗೆ ಹಾಕುವ ಚಪ್ಪಲಿ, ಬಟ್ಟೆಗಳನ್ನು ಒಯ್ಯಬೇಡಿ. ಅಲ್ಲಿಯೂ ಮಾಲೀಕರು ಕರೆಯದ ಹೊರತು ಕೊಟ್ಟಿಗೆಯೊಳಗೆ ಕಾಲಿಡಬೇಡಿ.

ಮಾವಿನ ಹಣ್ಣು, ಕರಿಬೇವು, ವೀಳ್ಯದೆಲೆ, ಬಿತ್ತನೆ ಬೀಜಗಳಿಗೂ 2019ರ ಡಿಸೆಂಬರ್‌ನಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆ, ತೆಂಗಿನಕಾಯಿ, ಅನಾನಸ್, ಖರ್ಜೂರ ಮತ್ತು ಡೂರಿಯನ್ ಹಣ್ಣುಗಳಿಗೆ ಮಾತ್ರ ವಿನಾಯಿತಿ ಇದೆ.

ಮಳೆ ಒಂದೇ, ಬೆಳೆ ಬೇರೆ

ಅಲ್ಲಿಯ ಹಸಿರನ್ನು ಕಂಡು ಮಳೆ ನಮಗಿಂತ ಬಹಳ ಹೆಚ್ಚೆಂದು ಭಾವಿಸುವುದು ಸಹಜ. ಹಾಗೇನಿಲ್ಲ. ಜರ್ಮನಿಯ ಹೆಸರಾಂತ ಕಪ್ಪು ಮಣ್ಣಿನ ಪ್ರದೇಶವಾದ ಮಾಗ್ಡೆಬುರ್ಗ್ ಸುತ್ತಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 500 ಮಿ.ಮೀ. ಮಳೆ. ನಮ್ಮ ವಿಜಯಪುರದಲ್ಲಿ ಸುಮಾರು 600 ಮಿ.ಮೀ. ಬೀಳುತ್ತದೆ. ವ್ಯತ್ಯಾಸವೆಂದರೆ, ಅಲ್ಲಿ ಮಳೆ ಹನ್ನೆರಡು ತಿಂಗಳಿಗೂ ಹಂಚಿಹೋಗಿ ಬೀಳುತ್ತದೆ. ಬಿಸಿಲು ಕಡಿಮೆಯಾದ್ದರಿಂದ ನೀರು ಆವಿಯಾಗುವುದೂ ಕಡಿಮೆ. ಗೋಧಿಯ ಸರಾಸರಿ ಇಳುವರಿ ಹೆಕ್ಟೇರಿಗೆ 70 ರಿಂದ 80 ಕ್ವಿಂಟಾಲ್. ಆದರೆ ಅಕ್ಟೋಬರ್‌ನಲ್ಲಿ ಬಿತ್ತಿದ ಆ ಬೆಳೆ ಸುಮಾರು ಹತ್ತು ತಿಂಗಳು ಹೊಲದಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ಆದ್ದರಿಂದ ಇಳುವರಿಯನ್ನು ಹೋಲಿಸುವುದಕ್ಕಿಂತ ನಿರ್ವಹಣೆಯನ್ನು ನೋಡುವುದು ಲೇಸು. ನೋಡುವಾಗ ದಾರಿಯಲ್ಲೇ ನಡೆಯಿರಿ. ಬೆಳೆ ಇರುವಾಗ ಹೊಲಕ್ಕಾಗಲಿ, ಹುಲ್ಲು ಬೆಳೆಯುವಾಗ ಹುಲ್ಲುಗಾವಲಿಗಾಗಲಿ ಇಳಿಯಬಾರದು. ಹುಲ್ಲೂ ಅಲ್ಲಿ ಒಂದು ಬೆಳೆಯೇ.

ಗೊಬ್ಬರಕ್ಕೂ ಲೆಕ್ಕವಿದೆ

ಹೈನುಗಾರರ ಮನೆಯ ಪಕ್ಕದಲ್ಲಿ ದೊಡ್ಡ ಕಾಂಕ್ರೀಟ್ ತೊಟ್ಟಿ ಕಂಡರೆ ಅದು ನೀರಿನದೆಂದು ತಿಳಿಯಬೇಡಿ. ಸಗಣಿ ಮತ್ತು ಗಂಜಲದ ಬಗ್ಗಡವನ್ನು ಅದರಲ್ಲಿ ಕೂಡಿಡುತ್ತಾರೆ. ಕನಿಷ್ಠ ಆರು ತಿಂಗಳ ಬಗ್ಗಡ ಹಿಡಿಯುವಷ್ಟು ಜಾಗ ಇರಲೇಬೇಕು. ಹುಲ್ಲುಗಾವಲಿಗೆ ಸಾಮಾನ್ಯವಾಗಿ ನವೆಂಬರ್ 1 ರಿಂದ ಜನವರಿ 31ರವರೆಗೆ ಬಗ್ಗಡ ಹಾಕುವಂತಿಲ್ಲ. ಹಿಮ ಬಿದ್ದ ಅಥವಾ ನೀರು ನಿಂತ ನೆಲಕ್ಕೂ ಹಾಕುವಂತಿಲ್ಲ. ಸಾವಯವ ಗೊಬ್ಬರಗಳ ಮೂಲಕ ವರ್ಷಕ್ಕೆ ಹೆಕ್ಟೇರಿಗೆ 170 ಕಿ.ಗ್ರಾಂ., ಅಂದರೆ ಎಕರೆಗೆ ಸುಮಾರು 69 ಕಿ.ಗ್ರಾಂ. ಸಾರಜನಕವೇ ಮಿತಿ.

ಈ ಬಿಗಿಗೆ ಕಾರಣ ಕುಡಿಯುವ ನೀರು. ಬೆಳೆ ಹೀರಿಕೊಳ್ಳದ ಸಾರಜನಕ ನೈಟ್ರೇಟ್ ರೂಪದಲ್ಲಿ ಅಂತರ್ಜಲಕ್ಕೆ ಇಳಿಯುತ್ತದೆ. ಇದನ್ನು ತಡೆಯುವ ಯುರೋಪಿನ ನಿಯಮ 1991ರಲ್ಲೇ ಬಂದಿತ್ತು. ಅದನ್ನು ಸರಿಯಾಗಿ ಪಾಲಿಸಿಲ್ಲವೆಂದು 2018ರಲ್ಲಿ ಯುರೋಪಿನ ನ್ಯಾಯಾಲಯ ಜರ್ಮನಿಯ ವಿರುದ್ಧ ತೀರ್ಪು ನೀಡಿತು. 2020ರಲ್ಲಿ ನಿಯಮಗಳು ಇನ್ನಷ್ಟು ಬಿಗಿಯಾದವು.

ನಮ್ಮ ಸ್ಥಿತಿ ಎರಡೂ ಕಡೆಯಿಂದ ನಷ್ಟದ್ದು. ದನ ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧ ಗಂಜಲದಲ್ಲಿರುತ್ತದೆ. ಅದು ಕೊಟ್ಟಿಗೆಯ ನೆಲದಲ್ಲೇ ಇಂಗಿಹೋಗುತ್ತದೆ. ಬಯಲು ತಿಪ್ಪೆಯ ಸಾರ ಬಿಸಿಲಿಗೂ ಮಳೆಗೂ ಸಲ್ಲುತ್ತದೆ. ಇತ್ತ ಹಣ ಕೊಟ್ಟು ತಂದ ಯೂರಿಯಾವನ್ನು ಅಳತೆ ಮೀರಿ ಹಾಕುತ್ತೇವೆ. ನಮ್ಮ ರಾಜ್ಯದ ಹಲವು ಕಡೆ ಕೊಳವೆ ಬಾವಿಯ ನೀರಿನಲ್ಲಿ ನೈಟ್ರೇಟ್, ಲೀಟರಿಗೆ 45 ಮಿ.ಗ್ರಾಂ. ಎಂಬ ಮಿತಿಯನ್ನು ಮೀರಿದೆ. ಕೊಟ್ಟಿಗೆಗೆ ಗಚ್ಚು ನೆಲ, ಗಂಜಲಕ್ಕೆ ಕಾಲುವೆ, ತಿಪ್ಪೆಗೆ ಗುಂಡಿ ಮತ್ತು ನೆರಳು ಇಷ್ಟನ್ನು ಮಾಡಿಕೊಳ್ಳಲು ಜರ್ಮನಿಯ ಬಂಡವಾಳ ಬೇಕಿಲ್ಲ.

ಅಣ್ಣತಮ್ಮಂದಿರ ಪಾಲು

ನನ್ನ ತಂಗಿಯ ಸಂಸಾರ ನೈಋತ್ಯ ಜರ್ಮನಿಯ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದ ಒಂದು ಹಳ್ಳಿಯಲ್ಲಿದೆ. ಅಲ್ಲಿಯ ನೆರೆಯ ರೈತರು ನನ್ನನ್ನು ಮೊದಲು ಕೇಳಿದ್ದು, "ನಿಮ್ಮ ಮನೆಯ ಜಮೀನು ಎಷ್ಟು ತುಂಡಾಗಿದೆ?" ಎಂದು. ಆ ಭಾಗದಲ್ಲಿ ನಮ್ಮಂತೆಯೇ ಮಕ್ಕಳೆಲ್ಲರಿಗೂ ಜಮೀನನ್ನು ಸಮನಾಗಿ ಹಂಚುವ ಪದ್ಧತಿ ಇತ್ತು. ತಲೆಮಾರುಗಳು ಕಳೆದಂತೆ ಹೊಲಗಳು ಪಟ್ಟಿ ಪಟ್ಟಿಯಾದವು. ಉತ್ತರ ಜರ್ಮನಿಯಲ್ಲಾದರೋ ಜಮೀನು ಒಡೆಯದೆ ಒಬ್ಬರಿಗೇ ಹೋಗಿ, ಉಳಿದವರಿಗೆ ಪರಿಹಾರ ಕೊಡುವ ರೂಢಿ ಬೆಳೆಯಿತು.

ಚದುರಿದ ಪಟ್ಟಿಗಳನ್ನು ಕೂಡಿಸಲು 1953ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಭೂ ಕ್ರೋಡೀಕರಣ ಕಾಯಿದೆ ಬಂತು. ಊರಿನ ಜಮೀನುಗಳನ್ನೆಲ್ಲ ಒಟ್ಟುಗೂಡಿಸಿ, ಮಣ್ಣಿನ ಗುಣವನ್ನು ಬೆಲೆಕಟ್ಟಿ, ದಾರಿ-ಕಾಲುವೆಗೆ ಜಾಗ ಬಿಟ್ಟು, ಪ್ರತಿಯೊಬ್ಬರಿಗೂ ಅವರು ಕೊಟ್ಟಷ್ಟೇ ಬೆಲೆಯ ಭೂಮಿಯನ್ನು ಒಂದೆರಡು ಕಡೆ ಹಿಂದಿರುಗಿಸುವುದು ಇದರ ಕ್ರಮ. ನೆರೆಯ ರೈತರ ತಂದೆಯ ಕಾಲದಲ್ಲಿ ಊರಿನ ನಾಲ್ಕು ದಿಕ್ಕಿಗೂ ಹರಡಿದ್ದ ಪಟ್ಟಿಗಳು ಈಗ ಮೂರು ತಾಕುಗಳಾಗಿವೆ.

2015-16ರ ಕೃಷಿ ಗಣತಿಯಂತೆ ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಸುಮಾರು 3 ಎಕರೆ 14 ಗುಂಟೆ. ಹೆಣ್ಣುಮಕ್ಕಳೂ ಸೇರಿ ಎಲ್ಲ ಮಕ್ಕಳಿಗೂ ಹಕ್ಕು ಇರುವುದು ನ್ಯಾಯವೇ. ಆದರೆ ಹಕ್ಕು ಹಂಚುವುದು ಬೇರೆ, ಹೊಲ ತುಂಡರಿಸುವುದು ಬೇರೆ. ಪಾಲಾದ ಮೇಲೂ ಅಣ್ಣತಮ್ಮಂದಿರು ಉಳುಮೆ, ಬೆಳೆ, ನೀರಾವರಿಯನ್ನು ಒಟ್ಟಿಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ವಿದೇಶದಲ್ಲಿರುವ ಮಗನ ಪಾಲನ್ನು ಊರಿನಲ್ಲಿರುವವರು ಹೇಗೆ ಸಾಗುವಳಿ ಮಾಡಬೇಕೆಂಬ ಮಾತನ್ನೂ, ಎಲ್ಲರೂ ಒಟ್ಟಿಗಿರುವ ಆ ದಿನಗಳಲ್ಲೇ ಆಡಿ ಬರೆದಿಡುವುದು ಒಳ್ಳೆಯದು.

ಯಂತ್ರ ಹಲವರದು

ಜರ್ಮನಿಯಲ್ಲಿ 2020ರಲ್ಲಿ ಸರಾಸರಿ ಹಿಡುವಳಿ ಸುಮಾರು 63 ಹೆಕ್ಟೇರ್ ಇತ್ತು. ಅಂಥವರೂ ಎಲ್ಲ ಯಂತ್ರಗಳನ್ನು ಕೊಳ್ಳುವುದಿಲ್ಲ. 1958ರಲ್ಲಿ ಬವೇರಿಯಾದ ಬುಖ್‌ಹೋಫೆನ್ ಎಂಬ ಹಳ್ಳಿಯಲ್ಲಿ ಎರಿಕ್ ಗೈಯರ್ಸ್‌ಬೆರ್ಗರ್ ಎಂಬವರು ಆರಂಭಿಸಿದ ಯಂತ್ರ ಸಂಘದ ಪದ್ಧತಿ ಇಂದು ದೇಶದ ತುಂಬ ಇದೆ. ಒಬ್ಬ ರೈತನ ಯಂತ್ರ ಇನ್ನೊಬ್ಬನ ಹೊಲದಲ್ಲಿ ಗೊತ್ತಾದ ದರಕ್ಕೆ ದುಡಿಯುತ್ತದೆ.

ಊರಿನ ಉಗ್ರಾಣ ಅಥವಾ ಬ್ಯಾಂಕಿನ ಮೇಲೆ ರೈಫೈಸನ್ ಎಂಬ ಹೆಸರು ಕಂಡರೆ ಒಂದು ಕ್ಷಣ ನಿಲ್ಲಿ. 1846-47ರ ಬರಗಾಲದಲ್ಲಿ ವೈಯರ್‌ಬುಷ್ ಎಂಬಲ್ಲಿ ಊರ ಮುಖ್ಯಸ್ಥರಾಗಿದ್ದ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಬಡವರಿಗೆ ರೊಟ್ಟಿ ಒದಗಿಸಲು ಸಂಘ ಕಟ್ಟಿದರು. ಮುಂದೆ 1864ರಲ್ಲಿ ಹೆಡ್ಡೆಸ್‌ಡೋರ್ಫ್‌ನಲ್ಲಿ ರೈತರ ಸಾಲದ ಸಂಘ ಸ್ಥಾಪಿಸಿದರು. ಈ ಮಾದರಿಯನ್ನು ಅಧ್ಯಯನ ಮಾಡಿದ ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅವರ ವರದಿಗಳು 1895 ಮತ್ತು 1897ರಲ್ಲಿ ಹೊರಬಂದವು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯಿದೆ ಆಯಿತು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಹೀಗೆ ನೋಡಿದರೆ ನಮ್ಮ ಸೊಸೈಟಿಗೆ ಆ ಹಳ್ಳಿಗಳ ನೆಂಟಸ್ತಿಕೆ ಹಳೆಯದು.

ಅಲ್ಲಿ ಎಲ್ಲವೂ ಸುಖವೆಂದಲ್ಲ. ಕುಟುಂಬದ ಹಿಡುವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬೇರೆ ನೌಕರಿಯನ್ನೂ ಮಾಡಿಕೊಂಡಿದ್ದಾರೆ. ಡೀಸೆಲ್ ರಿಯಾಯಿತಿ ತೆಗೆಯುವ ಕ್ರಮವನ್ನು ವಿರೋಧಿಸಿ 2024ರ ಜನವರಿಯಲ್ಲಿ ಸಾವಿರಾರು ಟ್ರ್ಯಾಕ್ಟರುಗಳು ಬರ್ಲಿನ್‌ಗೆ ಬಂದಿದ್ದವು.

ಮರಳುವಾಗ

ಒಳ್ಳೆಯ ಆಲೂಗಡ್ಡೆ ಕಂಡು ನಾಲ್ಕು ಗೆಡ್ಡೆ ಜೇಬಿಗೆ ಹಾಕಿಕೊಳ್ಳುವ ಆಸೆ ಬೇಡ. ಹಳದಿ ಮೈಮೇಲೆ ಹತ್ತು ಕಪ್ಪು ಗೆರೆಗಳಿರುವ ಕೊಲರಾಡೊ ದುಂಬಿ ಅಮೆರಿಕದಿಂದ ಬಂದು 1922ರಲ್ಲಿ ಫ್ರಾನ್ಸಿನಲ್ಲಿ ಬೇರೂರಿ, ಯುರೋಪಿನ ಹೆಚ್ಚಿನ ಆಲೂಗಡ್ಡೆ ಹೊಲಗಳನ್ನು ವ್ಯಾಪಿಸಿತು. ಭಾರತದಲ್ಲಿ ಅದಿಲ್ಲ. ಹಾಸನ, ಕೋಲಾರ, ಚಿಕ್ಕಬಳ್ಳಾಪುರದ ಬೆಳೆಗಾರರಿಗೆ ಅಂಗಮಾರಿ ರೋಗದ ಕಾಟವೇ ಸಾಕಾಗಿದೆ. ಬೀಜ, ಗೆಡ್ಡೆ, ಸಸಿಗಳನ್ನು ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ತರುವುದು 2003ರ ಸಸ್ಯ ಕ್ವಾರಂಟೈನ್ ಆದೇಶಕ್ಕೆ ವಿರುದ್ಧ. ಅಲ್ಲದೆ ಚಳಿ ನಾಡಿನ ತಳಿ ನಮ್ಮ ಬಿಸಿಲಿಗೆ ಹೊಂದುವುದೂ ಅಪರೂಪ.

ಬದಲಿಗೆ ಒಂದು ಪುಸ್ತಕ, ಪೆನ್ಸಿಲ್ ಇಟ್ಟುಕೊಳ್ಳಿ. ಭಾನುವಾರ ಬಿಟ್ಟು ಬೇರೆ ದಿನ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು, ಮುಂಚೆ ತಿಳಿಸಿ, ನೆರೆಯ ರೈತರ ಮನೆಗೆ ಹೋಗಿರಿ. ಗೊಬ್ಬರ ಹೇಗೆ ಕೂಡಿಡುತ್ತೀರಿ, ಮಣ್ಣು ಪರೀಕ್ಷೆ ಎಷ್ಟು ವರ್ಷಕ್ಕೊಮ್ಮೆ, ಯಾವ ಯಂತ್ರ ಸ್ವಂತದ್ದು, ಯಾವುದು ಬಾಡಿಗೆಯದು, ನಿಮ್ಮ ನಂತರ ಹೊಲ ಯಾರಿಗೆ ಎಂದು ಕೇಳಿ, ಬರೆದುಕೊಳ್ಳಿ. ಊರಿಗೆ ಬಂದ ಮೇಲೆ ಅದನ್ನು ಸೊಸೈಟಿಯ ಸಭೆಯಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ನಾಲ್ಕು ಜನರಿಗೆ ಓದಿ ಹೇಳಿದರೆ ನಿಮ್ಮ ಪ್ರಯಾಣದ ಫಲ ಊರಿಗೂ ಸಿಕ್ಕಂತಾಗುತ್ತದೆ.